ಚಿಲುಮೆಗೆ ಅಂಟಿದ ಎಂಜಲು

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬೆಲ್ವಾರ್ ಎಂಬ ಹಳೆಯ ತೋಟವಿದೆ. ಅಲ್ಲಿ ಗುಲಾಮರು ವಾಸವಿದ್ದ ಜಾಗವನ್ನು ಅಗೆದಾಗ ತಂಬಾಕು ಸೇದುವ ಜೇಡಿಮಣ್ಣಿನ ಪೈಪಿನ ಕೊಳವೆಯ ಮುರಿದ ತುಂಡೊಂದು ಸಿಕ್ಕಿತು. ಸುಟ್ಟ ಮಣ್ಣು ಎಂಜಲನ್ನು ಹೀರಿಕೊಳ್ಳುತ್ತದೆ. ಅದರಿಂದ ಡಿಎನ್‌ಎ ತೆಗೆದು ನೋಡಿದರೆ, ಸೇದಿದ್ದು ಒಬ್ಬ ಹೆಂಗಸು. ಆಕೆಯ ವಂಶ ಸಿಯೆರಾ ಲಿಯೋನ್‌ನ ಮೆಂಡೆ ಜನರಿಗೆ ಹತ್ತಿರ. 2019ರಲ್ಲಿ ಪ್ರಕಟವಾದ ಈ ಅಧ್ಯಯನ ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಕಡೆಯವರಿಗೆ ದೂರದ ಸುದ್ದಿಯಲ್ಲ.

ಇಲ್ಲಿನ ಸಿದ್ದಿ ಸಮುದಾಯದವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾ ಬಂದರಿಗೆ ಗುಲಾಮರನ್ನಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಓಡಿಬಂದವರು ದಾಖಲೆ ಬರೆದಿಡುತ್ತಾರೆಯೇ? ಹಾಗಾಗಿ ಸಾಕ್ಷಿಯನ್ನು ರಕ್ತದಲ್ಲಿ ಹುಡುಕಬೇಕಾಯಿತು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಬಗ್ಗೆ 2011ರಲ್ಲಿ ಹೊರಬಂದ ಅಧ್ಯಯನ ಅವರ ಬಂಟು ಮೂಲವನ್ನು ತೋರಿಸಿತು. ಸ್ಥಳೀಯರೊಂದಿಗೆ ರಕ್ತ ಬೆರೆತದ್ದು ಸುಮಾರು 200 ವರ್ಷಗಳಿಂದೀಚೆಗೆ ಎಂದಿತು.

ಅವರು ಬಿಟ್ಟುಹೋದ ವಸ್ತುಗಳು ಏನು ಹೇಳಬಲ್ಲವು? ಬಂದರು ಪಟ್ಟಣಗಳಲ್ಲಿ ಪುರಾತತ್ತ್ವಜ್ಞರಿಗೆ ಮಣ್ಣಿನ ಪೈಪು ಅಚ್ಚುಮೆಚ್ಚು. ಅಗ್ಗದ ಸಾಮಾನು, ಬೇಗ ಮುರಿಯುತ್ತದೆ, ಮುರಿದಲ್ಲೇ ಎಸೆಯುತ್ತಾರೆ. ಆದ್ದರಿಂದ ಅದು ತಯಾರಾದ ಕಾಲಕ್ಕೂ ಮಣ್ಣು ಸೇರಿದ ಕಾಲಕ್ಕೂ ಹೆಚ್ಚು ಅಂತರವಿರುವುದಿಲ್ಲ. 1954ರಲ್ಲಿ ಹ್ಯಾರಿಂಗ್ಟನ್ ಎಂಬ ಅಮೆರಿಕದ ತಜ್ಞರು ಕೊಳವೆಯ ತೂತಿಗೆ ಡ್ರಿಲ್ ಬಿಟ್ ತೂರಿಸಿ ಅಳೆದರು. 1620–50ರ ಇಂಗ್ಲಿಷ್ ಪೈಪುಗಳಲ್ಲಿ ತೂತು ಸಾಮಾನ್ಯವಾಗಿ ಅಂಗುಲದ 64ನೇ ಭಾಗದ ಎಂಟರಷ್ಟು. 1750–1800ರಲ್ಲಿ ಅದರ ಅರ್ಧ. ಕೊಳವೆ ಉದ್ದವಾದಂತೆ ತೂತು ಕಿರಿದಾಯಿತು. ಎಷ್ಟು ಸರಳ ಉಪಾಯ!

ನಮ್ಮ ಚಿಲುಮೆಗೆ ಈ ಲೆಕ್ಕ ನಡೆಯದು. ಅದರ ಆಕಾರ, ಮಾಡುವ ಬಗೆ ಎರಡೂ ಬೇರೆ. ಆದರೂ ತಂಬಾಕಿನ ಕಿಟ್ಟ ಹಿಡಿದ ಚಿಲುಮೆ ಸಿಕ್ಕ ಮಣ್ಣಿನ ಪದರ, ತಂಬಾಕು ಈ ನಾಡಿಗೆ ಬಂದ ಮೇಲಿನದು. ಆದಿಲ್‌ಶಾಹಿ ಬಿಜಾಪುರದಲ್ಲಿ ಕಂಡ ತಂಬಾಕನ್ನು ಅಸದ್ ಬೇಗ್ ಎಂಬ ರಾಯಭಾರಿ 1604ರ ಸುಮಾರಿಗೆ ಅಕ್ಬರನ ಆಸ್ಥಾನಕ್ಕೆ ಒಯ್ದಿದ್ದ. ದೆಹಲಿ, ಆಗ್ರಾದವರಿಗಿಂತ ಮೊದಲೇ ನಮ್ಮವರು ಹೊಗೆ ಬಿಡುತ್ತಿದ್ದರು ಎನ್ನಿ!

ಬಾರ್ಬಡೋಸ್‌ನ ಗುಲಾಮರ ಸ್ಮಶಾನವೊಂದರಲ್ಲಿ ಆಫ್ರಿಕಾದ ಮಾದರಿಯ ಗಿಡ್ಡ ಕೊಳವೆಯ ಮಣ್ಣಿನ ಪೈಪು ಸಿಕ್ಕಿದೆ. ಸಮುದ್ರ ದಾಟಿ ಬಂದವರೊಂದಿಗೆ ಅಭ್ಯಾಸಗಳೂ ಬರುತ್ತವೆ. ಸಿದ್ದಿಗಳ ಹಳೆಯ ಹಾಡಿಗಳ ಸುತ್ತ ಮನೆಗೆ ಪಾಯ ತೋಡುವಾಗ, ಗದ್ದೆ ಉಳುವಾಗ ಚಿಲುಮೆಯ ಚೂರು ಎದ್ದರೆ, ಅದರಲ್ಲೂ ಎಂಜಲಿನ ಗುರುತು ಉಳಿದಿರಬಹುದು; ತೊಳೆಯಬೇಡಿ, ಬರಿಗೈಲಿ ಮುಟ್ಟಬೇಡಿ. ಸಿಕ್ಕ ಜಾಗ, ಆಳ ಬರೆದಿಟ್ಟು, ಕಾಗದದಲ್ಲಿ ಸುತ್ತಿ ಪುರಾತತ್ತ್ವ ಇಲಾಖೆಗೆ ತಿಳಿಸಿ.