ಬೇತಾಳನ ಪ್ರಶ್ನೆ, ಮಗುವಿನ ಉತ್ತರ

ಸ್ಮಶಾನದ ಮರದಿಂದ ಶವವನ್ನಿಳಿಸಿ, ಹೆಗಲ ಮೇಲೆ ಹೊತ್ತು, ಮೌನವಾಗಿ ನಡೆಯುವ ವಿಕ್ರಮರಾಜನನ್ನು ಅರಿಯದ ಕನ್ನಡಿಗರು ವಿರಳ. ಶವದಲ್ಲಿ ನೆಲೆಸಿದ ಬೇತಾಳನು ದಾರಿಯ ಬೇಸರ ಕಳೆಯಲೆಂದು ಕಥೆ ಹೇಳುತ್ತಾನೆ. ಕಥೆ ಮುಗಿದೊಡನೆ ಪ್ರಶ್ನೆ ಹಾಕುತ್ತಾನೆ. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿದು ಹೋಳಾಗುವುದು; ಹೇಳಿದರೆ ಮೌನ ಮುರಿದು, ಬೇತಾಳನು ಮತ್ತೆ ಮರವನ್ನೇರುವನು.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಈ ಕಥಾಮಾಲೆ ಸೇರಿದೆ. ಇದನ್ನು ಮನೆಮನೆಯ ಮಕ್ಕಳಿಗೆ ತಲುಪಿಸಿದ ಕೀರ್ತಿ ‘ಚಂದಮಾಮ’ಕ್ಕೆ ಸಲ್ಲಬೇಕು. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳು ಭಾಷೆಗಳಲ್ಲಿ ಹುಟ್ಟಿದ ಆ ಪತ್ರಿಕೆ 1949ರಲ್ಲಿ ಕನ್ನಡದಲ್ಲಿಯೂ ಕಾಣಿಸಿಕೊಂಡಿತು. ಖಡ್ಗ ಹಿಡಿದು ಶವ ಹೊತ್ತ ರಾಜನನ್ನು ಅದರ ಪುಟಗಳಲ್ಲಿ ಚಿತ್ರಿಸಿದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಪತ್ರಿಕೆಯೂ ಇಂದು ನಿಂತುಹೋಗಿದೆ. ಬೇತಾಳನ ಪ್ರಶ್ನೆಗಳು ಮಾತ್ರ ನಿಂತಿಲ್ಲ.

ಈ ಕಥೆಗಳು ಎಳೆಯ ಮನಸ್ಸನ್ನು ಸೆರೆಹಿಡಿಯಲು ಭಯವೊಂದೇ ಕಾರಣವಲ್ಲ. ಇವುಗಳ ಕೊನೆಯಲ್ಲಿ ನೀತಿಬೋಧೆಯಿಲ್ಲ, ಪ್ರಶ್ನೆಯಿದೆ. ವಿದ್ಯೆ ಕಲಿತು ಬಂದ ನಾಲ್ವರು ಸೋದರರ ಕಥೆಯನ್ನು ನೋಡಬಹುದು. ಕಾಡಿನಲ್ಲಿ ಅವರಿಗೊಂದು ಮೂಳೆ ಸಿಕ್ಕಿತು. ತಮ್ಮ ತಮ್ಮ ವಿದ್ಯೆಯನ್ನು ಮೆರೆಸುವ ಹುಮ್ಮಸ್ಸಿನಲ್ಲಿ ಮೂವರು ಒಬ್ಬರಾದ ಮೇಲೊಬ್ಬರು ಅದಕ್ಕೆ ಮಾಂಸ, ಚರ್ಮ, ಅವಯವಗಳನ್ನು ಕೂಡಿಸಿದರು; ನಾಲ್ಕನೆಯವನು ಪ್ರಾಣ ತುಂಬಿದನು. ಎದ್ದು ನಿಂತ ಸಿಂಹವು ನಾಲ್ವರನ್ನೂ ಕೊಂದಿತು. ತಪ್ಪು ಯಾರದು? ಕಣ್ಣೆದುರಿಗೆ ಸಿಂಹದ ರೂಪವನ್ನು ಕಂಡೂ ಜೀವ ಕೊಟ್ಟವನದೇ ಎಂದು ರಾಜನು ತೀರ್ಪಿತ್ತನು.

ಆದರೆ ರಾಜನ ತೀರ್ಪನ್ನು ಕೇಳಿಸುವ ಮೊದಲು ಮಗುವಿನ ತೀರ್ಪನ್ನು ಕೇಳಬೇಕು. ಮೂಳೆಯನ್ನು ಮೊದಲು ಎತ್ತಿಕೊಂಡವನದೇ ತಪ್ಪೆಂದು ಒಂದು ಮಗು ಹೇಳೀತು. ಅಂತಹ ವಿದ್ಯೆ ಕಲಿಸಿದ ಗುರುವಿನದೆಂದು ಇನ್ನೊಂದು. ಹಸಿದ ಸಿಂಹ ಮತ್ತೇನು ಮಾಡಬೇಕಿತ್ತು ಎಂದು ಮಗದೊಂದು. ಈ ಮೂರರಲ್ಲಿ ಯಾವುದೂ ದಡ್ಡತನವಲ್ಲ. ಕಥೆಯ ಹೊರಗೆ ನಿಂತು ಕೇಳುತ್ತಿದ್ದ ಮಗು ಆ ಕ್ಷಣದಲ್ಲಿ ಕಥೆಯೊಳಗೆ ಕಾಲಿಟ್ಟಿರುತ್ತದೆ. ಕಲ್ಪನೆ ಎಂಬುದು ಮೊಳೆಯುವುದು ಅಲ್ಲಿಯೇ.

ಎಷ್ಟೋ ಮನೆಗಳಲ್ಲಿ ಈ ಮೊಳಕೆಯನ್ನು ಅರಿಯದೆಯೇ ಚಿವುಟಲಾಗುತ್ತದೆ. “ಮರೆಯಲ್ಲಿ ನಿಂತು ರಾಮನು ವಾಲಿಯನ್ನು ಹೊಡೆದದ್ದು ಸರಿಯೇ?” ಎಂದು ಮಗು ಕೇಳಿದರೆ, “ದೇವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು” ಎಂಬ ಗದರಿಕೆ ಬರುತ್ತದೆ. ಗದರಿಸುವ ಹಿರಿಯರ ಭಕ್ತಿ ದೊಡ್ಡದೇ ಇರಬಹುದು. ಆದರೆ ಆ ಪ್ರಶ್ನೆಯನ್ನು ಮೊದಲು ಕೇಳಿದವನು ವಾಲಿಯೇ, ಅದಕ್ಕೆ ಎಡೆಕೊಟ್ಟವರು ವಾಲ್ಮೀಕಿಗಳೇ. ಕರಾವಳಿಯ ತಾಳಮದ್ದಳೆಯಂತೂ ಈ ವಾಗ್ವಾದವನ್ನೇ ಕಲೆಯಾಗಿ ಬೆಳೆಸಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಮಾತು ಹೆಣೆಯುತ್ತಾರೆ. ಇಂದು ರಾಮನ ಪಕ್ಷವನ್ನು ವಹಿಸಿದವರು ನಾಳೆ ವಾಲಿಯ ಅರ್ಥ ಹೇಳಬಲ್ಲರು. ಇದರಿಂದ ರಾಮಾಯಣದ ಗೌರವ ಕುಂದಲಿಲ್ಲ. ಕೇಳುವವರ ಬುದ್ಧಿ ಹರಿತವಾಯಿತು.

ಮನೆಯಲ್ಲಿಯೂ ಇದು ಸಾಧ್ಯ. ಒಂದು ದಿನ ತಾಯಿ ರಾಮನಾಗಲಿ, ಮಗು ವಾಲಿಯಾಗಲಿ. ಮರುದಿನ ಪಾತ್ರ ಬದಲಾಗಲಿ. ಎದುರಾಳಿಯ ಬಾಯಿಂದ ಮಾತನಾಡಲು ಕಲಿತ ಮಗು ಪರರ ಮನಸ್ಸನ್ನು ಅರಿಯಲೂ ಕಲಿಯುತ್ತದೆ.

ಕಥೆಗಾಗಿ ಬಹು ದೂರ ಹೋಗಬೇಕಾಗಿಯೂ ಇಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಸೀತೆಯ ಬಾಯಾರಿಕೆ ತಣಿಸಲು ರಾಮನು ಬಾಣ ಬಿಟ್ಟ ತಾಣವೆಂದು ಮೇಲುಕೋಟೆಯ ಧನುಷ್ಕೋಟಿಯನ್ನು ತೋರಿಸುತ್ತಾರೆ. ಕೋಲಾರ ಜಿಲ್ಲೆಯ ಆವನಿಯ ಬೆಟ್ಟದಲ್ಲಿ ಲವಕುಶರು ಹುಟ್ಟಿದರೆಂಬುದು ಸ್ಥಳೀಯರ ನಂಬಿಕೆ. ಇವು ಚರಿತ್ರೆಯಲ್ಲ, ಐತಿಹ್ಯಗಳು. ಈ ಭೇದವನ್ನು ಮಗುವಿಗೆ ತಿಳಿಸಿದರೆ ಕಥೆಯ ಸೊಗಸಿಗೇನೂ ಕೊರತೆಯಿಲ್ಲ. ಬೆಟ್ಟದ ತಪ್ಪಲಲ್ಲಿ ನಿಂತು, “ಲವಕುಶರು ಈ ಬಂಡೆಗಳ ಮೇಲೆ ಯಾವ ಆಟವಾಡಿರಬಹುದು?” ಎಂದು ಕೇಳಿ ಸುಮ್ಮನಿದ್ದರೆ ಸಾಕು. ಹೊಸ ಕಥೆ ಅಲ್ಲಿಂದ ಹೊರಡುತ್ತದೆ.

ಸುಮ್ಮನಿರುವುದೇ ಕಷ್ಟದ ಕೆಲಸ. ಮಗು ತಡವರಿಸಿದಾಗ ಪದ ಒದಗಿಸುವ, ಭೀಮನ ಕೈಗೆ ಬಿಲ್ಲು ಕೊಟ್ಟರೆ ತಿದ್ದುವ ಆತುರ ಹಿರಿಯರಿಗೆ ಸಹಜ. ತಿದ್ದುಪಡಿ ನಾಳೆಗಿರಲಿ, ಇಂದು ಕಥೆ ಮುಂದುವರಿಯಲಿ. ಮೊಬೈಲಿನ ಪರದೆಯಲ್ಲಿಯೂ ಇಂದು ಪುರಾಣಗಳು ಬಣ್ಣಬಣ್ಣವಾಗಿ ಹರಿಯುತ್ತವೆ. ಆದರೆ ಹನುಮಂತನ ಬಾಲ ಎಷ್ಟು ಉದ್ದವೆಂಬುದನ್ನು ಪರದೆಯೇ ತೀರ್ಮಾನಿಸಿಬಿಡುತ್ತದೆ. ಮೇಲಾಗಿ, ಮಗು ಹೇಳುವ ಕಥೆಗೆ ಅದು “ಹೂಂ” ಗುಟ್ಟುವುದಿಲ್ಲ.

ಬೇತಾಳನ ಕೊನೆಯ ಪ್ರಶ್ನೆಗೆ ವಿಕ್ರಮನಿಗೂ ಉತ್ತರ ಹೊಳೆಯಲಿಲ್ಲ. ಅವನು ಮೌನವಾಗಿ ನಡೆದನು. ಅದನ್ನು ಕಂಡು ಮೆಚ್ಚಿದ ಬೇತಾಳನು ಕಪಟ ಸನ್ಯಾಸಿಯ ಸಂಚನ್ನು ತಿಳಿಸಿ ಅವನ ಪ್ರಾಣವನ್ನುಳಿಸಿದನು. ಮಗುವಿನ ಪ್ರಶ್ನೆಗೆ ಉತ್ತರ ತೋಚದ ತಂದೆತಾಯಿಗಳು ನಾಚಬೇಕಾಗಿಲ್ಲ. “ನನಗೂ ತಿಳಿಯದು, ನಿನಗೇನನ್ನಿಸುತ್ತದೆ?” ಎಂಬ ಒಂದು ಮಾತು, ಹತ್ತು ನೀತಿಪಾಠಗಳಿಗಿಂತ ಮೇಲು.