ಅಜ್ಜಿಯ ಸ್ಟೇಷನ್ನು, ಮಾಲ್ಗುಡಿಯ ಸ್ಟೇಷನ್ನು

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ದಿನ ಯಾರೋ ಫೋಟೊ ಹಾಕಿದ್ದರು. ಹೆಂಚಿನ ಸೂರಿನ ಪುಟ್ಟ ರೈಲ್ವೆ ಸ್ಟೇಷನ್. ಕೆಳಗೆ ‘ಮಾಲ್ಗುಡಿ ಮ್ಯೂಸಿಯಂ, ವೀಕೆಂಡ್ ಟ್ರಿಪ್‌ಗೆ ಸೂಪರ್ ಜಾಗ’ ಅಂತ ಬರೆದಿದ್ದರು. ರಜೆಗೆ ಊರಿಗೆ ಬಂದಿದ್ದ ನಾನು ಫೋನನ್ನು ಅಜ್ಜಿಯ ಮುಂದೆ ಹಿಡಿದೆ.

ಕನ್ನಡಕ ಸರಿಮಾಡಿಕೊಂಡು ಅಜ್ಜಿ ತುಂಬಾ ಹೊತ್ತು ನೋಡಿದಳು. “ಮಾಲ್ಗುಡಿ ಯಾವ್ದೇ ಪುಟ್ಟಿ ಅದು? ಇದು ಅರಸಾಳು ಕಣೆ. ನಾನು ಮದುವೆಯಾಗಿ ಗಾಡಿ ಹತ್ತಿದ ಸ್ಟೇಷನ್ನು” ಅಂದಳು.

ಮೂವತ್ತು ವರ್ಷ ಆ ಅಜ್ಜಿಯ ಮಡಿಲಲ್ಲಿ ಬೆಳೆದವಳು ನಾನು. ಅವಳ ತವರು ರಿಪ್ಪನ್‌ಪೇಟೆ ಕಡೆ ಅಂತ ಗೊತ್ತಿತ್ತು. ಆದರೆ ಅಲ್ಲಿಂದ ಮೂಡಿಗೆರೆಯ ಕಾಫಿ ತೋಟಕ್ಕೆ ಹೇಗೆ ಬಂದಳು ಅಂತ ಒಂದು ದಿನವೂ ಕೇಳಿರಲಿಲ್ಲ.

ಬೆಟ್ಟದವರಿಗೆ ರೈಲು ದೂರ

ನಮ್ಮ ಕಡೆ ಸ್ಟೇಷನ್ ಅಂದರೆ ಪೊಲೀಸ್ ಸ್ಟೇಷನ್ನೇ. ಮೂಡಿಗೆರೆಗೂ ಕಳಸಕ್ಕೂ ಇವತ್ತಿಗೂ ರೈಲಿಲ್ಲ. ಜಿಲ್ಲಾ ಕೇಂದ್ರ ಚಿಕ್ಕಮಗಳೂರು ಮೊದಲ ರೈಲು ಕಂಡಿದ್ದೇ 2013ರ ನವೆಂಬರಿನಲ್ಲಿ, ಕಡೂರಿನಿಂದ ಸಖರಾಯಪಟ್ಟಣದ ಮೇಲೆ ಹಾಸಿದ ಸುಮಾರು 46 ಕಿಲೋಮೀಟರ್ ಹಳಿಯ ಮೇಲೆ. ಅದಕ್ಕೂ ಮುಂಚೆ ನಮ್ಮ ಬೆಟ್ಟಸಾಲಿನವರಿಗೆ ರೈಲು ಬೇಕಾದರೆ ಕಡೂರು, ಬೀರೂರಿಗೆ ಇಳಿಯಬೇಕು. 1979ರಲ್ಲಿ ಹಾಸನ–ಮಂಗಳೂರು ದಾರಿ ತೆರೆದ ಮೇಲೆ ಸಕಲೇಶಪುರವೂ ಹತ್ತಿರವಾಯಿತು.

ಕಡೂರು, ಬೀರೂರು ಹಳೇ ಕಾಲದ ಸ್ಟೇಷನ್‌ಗಳು. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ಹಳಿ 1889ರ ಹೊತ್ತಿಗೆ ಪೂರ್ತಿಯಾಯಿತು. ಹತ್ತು ವರ್ಷದ ಮೇಲೆ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊಡೆಯಿತು. ಅದೇ ಕವಲು ಮುಂದುವರಿದು ಅರಸಾಳು, ಆನಂದಪುರ, ಸಾಗರ ದಾಟಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು.

ಅಜ್ಜಿಯ ದಿಬ್ಬಣ 1961ರಲ್ಲಿ ವಾಪಸ್ ಬಂದದ್ದು ಇದೇ ಹಳಿಯ ಮೇಲೆ. ಬೆಳಿಗ್ಗೆ ಅರಸಾಳಿನಲ್ಲಿ ಗಾಡಿ ಹತ್ತಿ, ಶಿವಮೊಗ್ಗ, ತರೀಕೆರೆ, ಬೀರೂರು ದಾಟಿ ಕಡೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕಮಗಳೂರು, ಮತ್ತೊಂದು ಬಸ್ಸಿನಲ್ಲಿ ಮೂಡಿಗೆರೆ. ತೋಟದಲ್ಲಿ ರೈಟರಾಗಿದ್ದ ಅಜ್ಜ ಟ್ರಂಕು ಹೊತ್ತುಕೊಂಡಿದ್ದರಂತೆ. “ಅವತ್ತು ಟ್ರಂಕಿಗಿಂತ ನಾನೇ ಹೆಚ್ಚು ಭಾರ ಆಗಿದ್ದೆ. ದಾರಿ ಉದ್ದಕ್ಕೂ ಅಳ್ತಾನೇ ಇದ್ದೆ” ಅಂತ ಅಜ್ಜಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದ್ಸಲ ಕರ್ಕೊಂಡು ಹೋಗ್ತೀಯೇನೆ?” ಅಂದಳು.

ಅರಸಾಳಿನ ಬಾಗಿಲಲ್ಲಿ

ಕೊಪ್ಪ, ತೀರ್ಥಹಳ್ಳಿ ಮೇಲೆ ಕಾರಿನಲ್ಲಿ ಹೋದೆವು. ಅಪ್ಪ ಡ್ರೈವಿಂಗು, ಅಜ್ಜಿ ಮುಂದಿನ ಸೀಟು.

ಅರಸಾಳಿನ ಕಥೆ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತೆ. 1980ರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡುವಾಗ, ಆರ್.ಕೆ. ನಾರಾಯಣ್ ಕಲ್ಪನೆಯ ಊರಿಗೆ ಆಗುಂಬೆಯನ್ನು ಆರಿಸಿಕೊಂಡರು. ಆಗುಂಬೆಗೆ ರೈಲಿಲ್ಲ. ಮಾಲ್ಗುಡಿಗೆ ಸ್ಟೇಷನ್ ಬೇಕೇಬೇಕು. ಹಾಗಾಗಿ ಕ್ಯಾಮೆರಾ ಅರಸಾಳಿಗೆ ಬಂತು.

ಮುಂದೆ ಬ್ರಾಡ್ ಗೇಜ್ ಬಂದು, ಹೊಸ ಸ್ಟೇಷನ್ ಎದ್ದಿತು. ಹಳೇ ಕಟ್ಟಡ ಕೆಲಸವಿಲ್ಲದೆ ಪಾಳು ಬಿತ್ತು. ಅದನ್ನು ಕೆಡವಿಬಿಡುವುದು ಸುಲಭವಿತ್ತು. ನೈಋತ್ಯ ರೈಲ್ವೆಯ ಮೈಸೂರು ವಿಭಾಗ ಕೆಡವಲಿಲ್ಲ, ರಿಪೇರಿ ಮಾಡಿ 2020ರಲ್ಲಿ ಮ್ಯೂಸಿಯಂ ಮಾಡಿತು. ಧಾರಾವಾಹಿಯ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ಕೈ ಹಾಕಿದರು. ಹಳೇ ರೈಲು ಬೋಗಿಯೊಂದು ಟೀ ಅಂಗಡಿಯಾಯಿತು.

ನಾನು ಸ್ವಾಮಿ ಮತ್ತು ಗೆಳೆಯರ ಜೊತೆ ಸೆಲ್ಫಿ ತೆಗೆಯುವುದರಲ್ಲಿದ್ದೆ. ತಿರುಗಿ ನೋಡಿದರೆ ಅಜ್ಜಿ ಇಲ್ಲ. ಹೊರಗೆ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದಳು.

“ಟಿಕೆಟ್ಟು ಕೊಡೋ ಕಿಟಕಿ ಇಲ್ಲೇ ಎಲ್ಲೋ ಇತ್ತು. ಅದರ ಕೆಳಗೆ ನಮ್ಮಮ್ಮ ಕೂತಿದ್ದಳು. ಗಾಡಿ ಬಂದಾಗ ಏಳಲೇ ಇಲ್ಲ. ಎದ್ದರೆ ಅಳು ಬರತ್ತೆ ಅಂತ.”

ಆಮೇಲೆ ಅವರಮ್ಮ ಹೆಚ್ಚು ದಿನ ಬದುಕಲಿಲ್ಲವಂತೆ. ಅಜ್ಜಿ ಅವರನ್ನು ಕೊನೆಯ ಸಲ ನೋಡಿದ್ದು ಆ ಕಿಟಕಿಯ ಕೆಳಗೆ. ಅಪ್ಪನಿಗೂ ಇದು ಗೊತ್ತಿರಲಿಲ್ಲ. ನಾವಿಬ್ಬರೂ ಏನೂ ಮಾತಾಡದೆ ನಿಂತೆವು.

ಹಳೇ ಸ್ಟೇಷನ್‌ನಲ್ಲಿ ಉಳಿಸುವಂಥದ್ದು ಏನಿದೆ?

ಈ ಪ್ರಶ್ನೆ ನನ್ನದೂ ಆಗಿತ್ತು. ಹಳ್ಳಿ ಸ್ಟೇಷನ್ ಅಂದರೆ ಎರಡು ಕೋಣೆ, ಒಂದು ಜಗಲಿ. ಅರಮನೆಯಲ್ಲ, ಹೊಯ್ಸಳರ ಗುಡಿಯಲ್ಲ. ಅಲ್ಲಿಂದ ಬಂದ ಮೇಲೆ ಅದರ ಬಗ್ಗೆ ಓದುತ್ತಾ ಹೋದೆ. ಆ ಎರಡು ಕೋಣೆಯಲ್ಲಿ ಒಂದು ಕಾಲದ ಬುದ್ಧಿವಂತಿಕೆಯೇ ಇತ್ತು.

ಅಜ್ಜಿಗೆ ನೆನಪಿದ್ದ ಬೆತ್ತದ ದೊಡ್ಡ ಬಳೆಯನ್ನೇ ನೋಡಿ. ಗಾಡಿ ನಿಧಾನವಾಗಿ ಬರುವಾಗ ಸ್ಟೇಷನ್ನಿನವರು ಅದನ್ನು ಎತ್ತಿ ಹಿಡಿಯುತ್ತಿದ್ದರು, ಎಂಜಿನ್ನಿನವರು ತೋಳು ಚಾಚಿ ತೆಗೆದುಕೊಳ್ಳುತ್ತಿದ್ದರು. ಆ ಬಳೆಯ ಚೀಲದಲ್ಲಿ ಟೋಕನ್ ಇರುತ್ತಿತ್ತು. ಒಂಟಿ ಹಳಿಯ ಮೇಲೆ ಮುಂದಿನ ಸ್ಟೇಷನ್‌ವರೆಗೆ ಹೋಗಲು ಅದೇ ಪರವಾನಗಿ. ಎರಡೂ ಸ್ಟೇಷನ್‌ಗಳ ಯಂತ್ರ ಒಪ್ಪಿದರೆ ಮಾತ್ರ ಟೋಕನ್ ಹೊರಬರುತ್ತಿತ್ತು. ಟೋಕನ್ ಇಲ್ಲದೆ ಡ್ರೈವರ್ ಒಂದು ಅಡಿ ಮುಂದೆ ಹೋಗುವಂತಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎರಡು ಗಾಡಿ ಎದುರುಬದುರಾಗದಂತೆ ಕಾದದ್ದು ಈ ವ್ಯವಸ್ಥೆ.

ಗಂಟೆಯ ಬದಲು ನೇತು ಹಾಕಿದ ಹಳಿ ತುಂಡು, ತಾರೀಕು ಒತ್ತಿ ಕೊಡುತ್ತಿದ್ದ ದಪ್ಪ ರಟ್ಟಿನ ಟಿಕೆಟ್ಟು, ಉಗಿ ಎಂಜಿನ್‌ಗೆ ನೀರು ತುಂಬಿಸುವ ಕಂಬ, ರೆಕ್ಕೆ ಇಳಿಸಿ ಏರಿಸುವ ಸಿಗ್ನಲ್ಲು, ಮಳೆಯ ಇರಚಲು ಒಳಗೆ ಬರದಂತೆ ಮುಂದೆ ಚಾಚಿದ ಹೆಂಚಿನ ಸೂರು. ಎಲ್ಲಕ್ಕೂ ಒಂದು ಕಾರಣವಿತ್ತು. ನಮ್ಮೂರಿನ ಜನ ಗಡಿಯಾರ ನೋಡಿ ಬದುಕುವುದನ್ನು ಕಲಿತದ್ದೂ ಇಂಥ ಜಾಗಗಳಲ್ಲೇ.

ಅಜ್ಜ ತೋಟಕ್ಕೆ ಹೊಸದಾಗಿ ಬರುವ ಆಳುಗಳನ್ನು ಕರೆದುಕೊಂಡು ಬರಲು ಕಡೂರಿಗೆ ಹೋಗುತ್ತಿದ್ದರಂತೆ. ರಾತ್ರಿ ಗಾಡಿಗೆ ಕಾಯುತ್ತಾ ಪ್ಲಾಟ್‌ಫಾರಂ ಮೇಲೆ ಟವೆಲ್ ಹಾಸಿ ಮಲಗುತ್ತಿದ್ದರು. ಮೇಸ್ತ್ರಿ ಹೆಸರು ಕೂಗಿದ ಕೂಡಲೇ ಗಂಟುಮೂಟೆ ಹೊತ್ತ ಸಂಸಾರಗಳು ಇಳಿಯುತ್ತಿದ್ದವು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತು ನಮ್ಮೂರಿನವರೇ. ಲೈನು ಮನೆಗಳಲ್ಲಿ ಹುಟ್ಟಿದ ಎಷ್ಟೋ ಬದುಕಿನ ಮೊದಲ ಹೆಜ್ಜೆ ಬಿದ್ದದ್ದು ಆ ಪ್ಲಾಟ್‌ಫಾರಂ ಮೇಲೆ.

ಯಾಕೆ ಹೋಗುತ್ತಿವೆ?

ದ್ವೇಷದಿಂದ ಯಾರೂ ಸ್ಟೇಷನ್ ಕೆಡವುವುದಿಲ್ಲ. 1992ರಲ್ಲಿ ರೈಲ್ವೆ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ದೊಡ್ಡ ಯೋಜನೆ ಶುರುಮಾಡಿತು. ಒಂದು ಮೀಟರಿನ ಹಳಿ ಹೋಗಿ 1.676 ಮೀಟರಿನದು ಬಂತು. ಬೆಂಗಳೂರಿನಿಂದ ನೇರ ರೈಲು ಬಂದದ್ದು ಅದರಿಂದಲೇ. ನಾನೂ ಅದರಲ್ಲಿ ಓಡಾಡುವವಳೇ, ದೂರುವ ಹಕ್ಕು ನನಗಿಲ್ಲ. ಆದರೆ ಹಳಿ ಬದಲಾದಾಗ ಪ್ಲಾಟ್‌ಫಾರಂ ಎತ್ತರವಾಗಬೇಕು, ಉದ್ದವಾಗಬೇಕು, ಕೆಲವೆಡೆ ಜಾಗವೇ ಸರಿಯಬೇಕು. ಹಳೇ ಕಟ್ಟಡ ಹಿಂದೆ ಉಳಿಯುತ್ತದೆ. ಬೀಗ ಬೀಳುತ್ತದೆ. ಒಂದು ಹೆಂಚು ಜಾರಿದರೆ ಮಲೆನಾಡಿನ ಮಳೆಗೆ ಎರಡು ವರ್ಷ ಸಾಕು, ಮರದ ತೊಲೆ ಕೊಳೆಯುತ್ತದೆ. ಅಷ್ಟರಲ್ಲಿ ‘ಶಿಥಿಲ ಕಟ್ಟಡ’ ಅನ್ನುವ ಹೆಸರು ಬಂದಿರುತ್ತದೆ.

ಕಾನೂನು ಕಾಪಾಡುವುದಿಲ್ಲವೇ? ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ ಕೈಹಿಡಿಯಬೇಕಾದರೆ ಕಟ್ಟಡಕ್ಕೆ ಕಡೇ ಪಕ್ಷ ನೂರು ವರ್ಷವಾಗಿರಬೇಕು, ರಾಷ್ಟ್ರೀಯ ಮಹತ್ವವೂ ಇರಬೇಕು. ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ನೀಲಗಿರಿಯ ಪುಟ್ಟ ರೈಲು 2005ರಲ್ಲಿ. ಅರಸಾಳಿನಂಥ ಎರಡು ಕೋಣೆಗೆ ಆ ಪಟ್ಟಿ ಎಲ್ಲಿ? ಇಂಥ ಕಟ್ಟಡ ಉಳಿಯುವುದು ಅದರ ಒಡೆಯರಾದ ರೈಲ್ವೆಯವರು ಮನಸ್ಸು ಮಾಡಿದರೆ ಮಾತ್ರ. ಊರಿನವರು ಕೇಳಿದರೆ ಆ ಮನಸ್ಸು ಬೇಗ ಬರುತ್ತದೆ.

ಅರಸಾಳೊಂದೇ ಅಲ್ಲ, ಬೇರೆ ಉದಾಹರಣೆಯೂ ಇದೆ. ಬೆಂಗಳೂರು–ಚಿಕ್ಕಬಳ್ಳಾಪುರ ದಾರಿ 1915ರದ್ದು. ಅಲ್ಲಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಸ್ಟೇಷನ್‌ಗಳನ್ನು ಉಳಿಸಿಕೊಳ್ಳಲು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆ ರೈಲ್ವೆಯ ಜೊತೆ ಕೈಜೋಡಿಸಿದೆ. ಅಲ್ಲಿ ಯಾವ ಮಾಲ್ಗುಡಿಯೂ ಇಲ್ಲ. ಕೇಳುವವರು ಇದ್ದರು, ಅಷ್ಟೇ.

ಬಂದ ದಾರಿಯಲ್ಲೇ ವಾಪಸ್

ಅಜ್ಜಿ ಹಠ ಮಾಡಿದ್ದರಿಂದ ವಾಪಸ್ ಬರುವಾಗ ದಿಬ್ಬಣದ ದಾರಿಯನ್ನೇ ಹಿಡಿದೆವು. ಶಿವಮೊಗ್ಗ, ತರೀಕೆರೆ, ಬೀರೂರು, ಕಡೂರು.

ತರೀಕೆರೆಯಲ್ಲಿ ಟೀ ಕುಡಿಯುತ್ತಾ ಅಪ್ಪ ಒಂದು ಸಂಗತಿ ಹೇಳಿದರು. ಮೈಸೂರು ಸರ್ಕಾರದ ಕಾಲದಲ್ಲಿ ಅಲ್ಲಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಹಳಿಯ ಪುಟ್ಟ ರೈಲು ಓಡುತ್ತಿತ್ತು. ನನಗೆ ನಂಬಿಕೆಯೇ ಬರಲಿಲ್ಲ. ಅದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು, ಸ್ಕೂಲಿನಲ್ಲೂ ಕೇಳಿರಲಿಲ್ಲ. ಈಗ ಅಲ್ಲಿ ಹಳಿಯೂ ಇಲ್ಲ, ಗಾಡಿಯೂ ಇಲ್ಲ. ಅದನ್ನು ಹತ್ತಿದವರಂತೂ ಇನ್ನು ಸಿಗಲಾರರು. ಕಟ್ಟಡ ಹೋದ ಮೇಲೆ ನೆನಪೂ ಹೋದರೆ ಹೀಗಾಗುತ್ತದೆ.

ಕಡೂರಿನಲ್ಲಿ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿದೆ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, “ಅಜ್ಜಿ, ಅವತ್ತು ಇಲ್ಲಿ ಇಳಿದಾಗ ಏನೇನಿತ್ತು ಹೇಳು” ಅಂದೆ. ನಲವತ್ತು ನಿಮಿಷ ಹೇಳಿದಳು. ಎತ್ತಿನ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಎಳನೀರಿನವನು ಎಲ್ಲಿ ಕೂರುತ್ತಿದ್ದ, ಅಜ್ಜ ಮೊದಲ ಸಲ ತನ್ನನ್ನು ಹೆಸರು ಹಿಡಿದು ಕರೆದದ್ದು ಯಾವ ಕಂಬದ ಹತ್ತಿರ.

ಅರಸಾಳಿನ ಸ್ಟೇಷನ್ ಉಳಿದದ್ದು ಅಲ್ಲಿಗೆ ಒಮ್ಮೆ ಕ್ಯಾಮೆರಾ ಬಂದಿತ್ತು ಅನ್ನುವ ಕಾರಣಕ್ಕೆ. ಉಳಿದದ್ದು ಒಳ್ಳೆಯದೇ ಆಯಿತು. ಅದರಿಂದಲೇ ಅಜ್ಜಿಗೆ ಆ ಗೋಡೆ ಮುಟ್ಟಲು ಸಿಕ್ಕಿತು. ಉಳಿದ ಸ್ಟೇಷನ್‌ಗಳಿಗೆ ಯಾವ ಧಾರಾವಾಹಿಯೂ ಬಂದಿಲ್ಲ. ಅವುಗಳ ಕಥೆ ಇರುವುದು ನಮ್ಮ ಮನೆಯ ಹಿರಿಯರ ಹತ್ತಿರ. ಕ್ಯಾಮೆರಾ ಇರುವುದು ನಮ್ಮ ಜೇಬಿನಲ್ಲಿ.

ನಾವೇನು ಮಾಡಬಹುದು?

ಮೊದಲನೆಯದು, ಮನೆಯ ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡಿ. ಊರು, ವರ್ಷ, ಸ್ಟೇಷನ್ ಹೆಸರು ಕೇಳಿ ಬರೆದಿಡಿ. ಹಳೇ ಟಿಕೆಟ್ಟು, ಫೋಟೊ ಇದ್ದರೆ ಸ್ಕ್ಯಾನ್ ಮಾಡಿ.

ಎರಡನೆಯದು, ನಿಮ್ಮೂರಿನ ಹಳೇ ಸ್ಟೇಷನ್ ಕಟ್ಟಡದ ಫೋಟೊ ತೆಗೆದು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಪತ್ರ ಬರೆಯಿರಿ. ನಮ್ಮ ಕಡೆಗೆ ಅದು ಮೈಸೂರು ವಿಭಾಗ. ‘ಉಳಿಸಿ’ ಅಂದರೆ ಸಾಲದು, ‘ಇದಕ್ಕೆ ಬಳಸಿ’ ಅಂತಲೂ ಹೇಳಿ. ಲೈಬ್ರರಿ, ಕಾಫಿ ಮಳಿಗೆ, ಸ್ವಸಹಾಯ ಸಂಘದ ಅಂಗಡಿ, ಏನಾದರೂ ಸರಿ. ದಿನಾ ಬಾಗಿಲು ತೆಗೆಯುವ ಕಟ್ಟಡ ಬೀಳುವುದಿಲ್ಲ.

ಮೂರನೆಯದು, ರಿಪೇರಿ ನಡೆಯುವಾಗ ಗಮನವಿಡಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಚೆಂದ ಮಾಡಲು ಹೋಗಿ ಕೆಡಿಸುವುದು ಹೀಗೇ.

ರಾತ್ರಿ ಮನೆ ಮುಟ್ಟಿದ ಮೇಲೆ ಗ್ರೂಪಿಗೆ ನಾನೊಂದು ಫೋಟೊ ಹಾಕಿದೆ. ಅಜ್ಜಿ ಅರಸಾಳಿನ ಗೋಡೆಗೆ ಅಂಗೈ ಒತ್ತಿ ನಿಂತದ್ದು. ಕೆಳಗೆ ಏನು ಬರೆಯಲಿ ಅಂತ ಅವಳನ್ನೇ ಕೇಳಿದೆ.

“ನಮ್ಮಮ್ಮ ಕೂತಿದ್ದ ಜಾಗ ಅಂತ ಬರಿ” ಅಂದಳು.