ಕೊನೆ ಗೊತ್ತಿದ್ದೂ ನೋಡುವ ನಾಟಕ: ಗ್ರೀಕ್ ದುರಂತಗಳಲ್ಲಿ ಐರನಿ

ಹೊಸ ಸಿನಿಮಾ ಬಿಡುಗಡೆಯಾದ ವಾರ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಗೋಳು: ‘ಸ್ಪಾಯ್ಲರ್ ಹಾಕ್ಬೇಡ್ರೋ!’ ಕೊನೆ ಗೊತ್ತಾದರೆ ಮಜಾ ಹೋಯ್ತು ಅಂತ ನಾವೆಲ್ಲ ನಂಬಿದ್ದೇವೆ. ಆದರೆ ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣ ಇಳಿಜಾರಿನ ಬಯಲು ರಂಗಮಂದಿರದಲ್ಲಿ ಕೂತಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ಕತೆ ಮೊದಲೇ ಗೊತ್ತಿರುತ್ತಿತ್ತು. ಈಡಿಪಸ್‌ನ ಕತೆಯನ್ನೇ ತಗೊಳ್ಳಿ. ಹೋಮರನ ‘ಒಡಿಸ್ಸಿ’ಯಲ್ಲೇ ಅದರ ಪ್ರಸ್ತಾಪ ಇದೆ. ಕ್ರಿ.ಪೂ. 467ರಲ್ಲಿ ಈಸ್ಕಿಲಸ್ ಆ ಮನೆತನದ ಮೇಲೆ ಮೂರು ನಾಟಕ ಆಡಿಸಿದ್ದ. ಆಮೇಲೆ ಸೊಫೊಕ್ಲಿಸ್ ಮತ್ತೆ ಅದನ್ನೇ ಎತ್ತಿಕೊಂಡ. ಕೊನೆ ಗೊತ್ತಿದ್ದ ಜನರನ್ನು ಅವನು ಹಿಡಿದು ಕೂರಿಸಿದ್ದು ಹೇಗೆ? ಇದಕ್ಕೆ ಮುಖ್ಯ ಉತ್ತರ ಐರನಿ.

ಕನ್ನಡದಲ್ಲಿ ಐರನಿಗೆ ಒಂದೇ ಪದ ಸಾಲುವುದಿಲ್ಲ. ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು ಇಟ್ಟುಕೊಂಡು ಆಡಿದರೆ ಅದು ವ್ಯಂಗ್ಯ. ಒಂದು ಮಾಡಲು ಹೋಗಿ ಅದರ ಉಲ್ಟಾ ಆದರೆ ವಿಪರ್ಯಾಸ. ಪಾತ್ರಕ್ಕೆ ಗೊತ್ತಿಲ್ಲದ ಸತ್ಯ ನೋಡುವವರಿಗೆ ಗೊತ್ತಿದ್ದರೆ ಅದು ನಾಟಕೀಯ ವ್ಯಂಗ್ಯ. ಗ್ರೀಕ್ ನಾಟಕಕಾರರು ಈ ಮೂರನ್ನೂ ಬಳಸಿದರು, ಆದರೆ ಐರನಿ ಅಂತ ಕರೆಯಲಿಲ್ಲ. ಅವರ ಭಾಷೆಯ ‘ಐರೊನೈಯಾ’ ಅಂದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸುವುದು. ಆ ಪದವನ್ನು ಸೊಫೊಕ್ಲಿಸ್‌ನ ನಾಟಕಗಳಿಗೆ ಜೋಡಿಸಿ ಹೆಸರುವಾಸಿಯಾದದ್ದು ಇಂಗ್ಲೆಂಡಿನ ಕಾನಪ್ ಥರ್ಲ್‌ವಾಲ್ ಎಂಬ ವಿದ್ವಾಂಸನ 1833ರ ಪ್ರಬಂಧ.

ಮೊದಲು ಸರಳವಾದ ವ್ಯಂಗ್ಯವನ್ನು ನೋಡೋಣ. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸ್‌ನ ‘ಅಗಮೆಮ್ನಾನ್’ ನಾಟಕದಲ್ಲಿ ರಾಜ ಟ್ರಾಯ್ ಯುದ್ಧ ಗೆದ್ದು ಮನೆಗೆ ಬರುತ್ತಾನೆ. ಹೆಂಡತಿ ಕ್ಲೈಟೆಮ್ನೆಸ್ಟ್ರಾ ಬಾಗಿಲವರೆಗೆ ಬೆಲೆಬಾಳುವ ಕಡುಗೆಂಪು ಬಟ್ಟೆ ಹಾಸಿಸಿ, ಅದರ ಮೇಲೆ ನಡೆದು ಬಾ ಅಂತ ಒತ್ತಾಯ ಮಾಡುತ್ತಾಳೆ. ಯುದ್ಧಕ್ಕೆ ಹೊರಡುವಾಗ ಮಗಳನ್ನು ಬಲಿ ಕೊಟ್ಟವನ ಮೇಲೆ ಸೇಡು ತೀರಿಸಿಕೊಳ್ಳಲು ಅವಳು ಕಾದಿದ್ದಾಳೆ. ಅವಳ ಒಂದೊಂದು ಸ್ವಾಗತದ ಮಾತೂ ಕೊಲೆಯ ಮಾತೇ. ಇಲ್ಲಿ ಮಾತಾಡುವವಳಿಗೆ ಎಲ್ಲ ಗೊತ್ತು, ಕೇಳುವವನಿಗೆ ಏನೂ ಗೊತ್ತಿಲ್ಲ.

ಸೊಫೊಕ್ಲಿಸ್ ಇದನ್ನು ತಿರುಗಿಸುತ್ತಾನೆ. ಅವನ ‘ದೊರೆ ಈಡಿಪಸ್’ನಲ್ಲಿ ಮಾತಾಡುವವನಿಗೇ ತನ್ನ ಮಾತಿನ ಅರ್ಥ ಗೊತ್ತಿಲ್ಲ. ಥೀಬ್ಸ್ ನಗರದಲ್ಲಿ ಪಿಡುಗು ಹಬ್ಬಿದೆ. ಹಿಂದಿನ ರಾಜ ಲೇಯಸ್‌ನನ್ನು ಕೊಂದವನನ್ನು ಹೊರಹಾಕದೆ ಅದು ಹೋಗುವುದಿಲ್ಲ ಅಂತ ದೈವವಾಣಿ ಆಗಿದೆ. ಈಡಿಪಸ್ ತುಂಬಿದ ಸಭೆಯಲ್ಲಿ ಕೊಲೆಗಾರನಿಗೆ ಶಾಪ ಹಾಕುತ್ತಾನೆ. ಅವನು ನನ್ನ ಮನೆಯಲ್ಲೇ ಇದ್ದು, ಅದು ನನಗೆ ಗೊತ್ತಿದ್ದರೆ, ಆ ಶಾಪ ನನಗೂ ತಟ್ಟಲಿ ಅನ್ನುತ್ತಾನೆ. ಲೇಯಸ್ ನನ್ನ ಸ್ವಂತ ತಂದೆ ಅಂದುಕೊಂಡೇ ಹೋರಾಡುತ್ತೇನೆ ಅನ್ನುತ್ತಾನೆ. ಲೇಯಸ್ ನಿಜಕ್ಕೂ ಅವನ ತಂದೆ, ಕೊಂದವನು ಇವನೇ, ಲೇಯಸ್‌ನ ವಿಧವೆಯಾಗಿದ್ದು ಈಗ ಇವನ ಹೆಂಡತಿಯಾಗಿರುವ ಜೊಕಾಸ್ಟಾ ಇವನ ತಾಯಿ. ನೋಡುವವರಿಗೆ ಇದೆಲ್ಲ ಗೊತ್ತು. ಮುಂದೇನಾಗುತ್ತೆ ಅನ್ನೋ ಕುತೂಹಲದ ಜಾಗದಲ್ಲಿ ‘ಅಯ್ಯೋ, ಬೇಡ, ಇನ್ನು ಕೇಳಬೇಡ’ ಅನ್ನೋ ಸಂಕಟ ಹುಟ್ಟುತ್ತದೆ. ಸ್ಪಾಯ್ಲರ್ ಇಲ್ಲದೆ ಈ ಸಂಕಟ ಸಾಧ್ಯವೇ ಇಲ್ಲ.

ಕುರುಡ ಕಾಲಜ್ಞಾನಿ ಟೈರೀಸಿಯಸ್ ಸತ್ಯ ಹೇಳಿದಾಗ ಈಡಿಪಸ್ ಅವನ ಕುರುಡುತನವನ್ನೇ ಹಂಗಿಸುತ್ತಾನೆ. ಕಣ್ಣಿದ್ದವನಿಗೆ ಕಾಣುತ್ತಿಲ್ಲ, ಕಣ್ಣಿಲ್ಲದವನಿಗೆ ಕಾಣುತ್ತಿದೆ. ನಾಟಕದ ಕೊನೆಗೆ ಸತ್ಯ ಕಂಡ ಈಡಿಪಸ್ ತನ್ನ ಕಣ್ಣುಗಳನ್ನೇ ಚುಚ್ಚಿಕೊಳ್ಳುತ್ತಾನೆ.

ಇನ್ನು ವಿಪರ್ಯಾಸ. ದೈವವಾಣಿಯನ್ನೆಲ್ಲ ನಂಬಬೇಡ ಅಂತ ಸಮಾಧಾನ ಮಾಡಲು ಹೋದ ಜೊಕಾಸ್ಟಾ, ಲೇಯಸ್ ಸತ್ತಿದ್ದು ಮೂರು ದಾರಿ ಕೂಡುವ ಜಾಗದಲ್ಲಿ ಅಂತ ಬಾಯಿಬಿಡುತ್ತಾಳೆ. ಅಂಥದ್ದೇ ಜಾಗದಲ್ಲಿ ಹಿಂದೊಮ್ಮೆ ಒಬ್ಬ ಮುದುಕನನ್ನು ಕೊಂದ ಈಡಿಪಸ್‌ಗೆ ಮೊದಲ ಭಯ ಹುಟ್ಟುವುದೇ ಆ ಸಮಾಧಾನದ ಮಾತಿನಿಂದ. ಕಾರಿಂತ್‌ನಿಂದ ಬಂದ ದೂತನದ್ದೂ ಇದೇ ಕತೆ. ‘ನೀನು ತಾಯಿ ಅಂದುಕೊಂಡಿರುವ ಕಾರಿಂತ್‌ನ ರಾಣಿ ನಿನ್ನ ತಾಯಿಯಲ್ಲ, ಹೆದರಬೇಡ’ ಅಂತ ಖುಷಿಪಡಿಸಲು ಹೋಗಿ ಎಲ್ಲವನ್ನೂ ಬಯಲು ಮಾಡಿಬಿಡುತ್ತಾನೆ. ಅರಿಸ್ಟಾಟಲ್ ತನ್ನ ‘ಪೊಯೆಟಿಕ್ಸ್’ನಲ್ಲಿ ‘ಪೆರಿಪಟೈಯಾ’, ಅಂದರೆ ಕತೆ ತಿರುಗಿ ಬೀಳುವ ಕ್ಷಣಕ್ಕೆ, ಉದಾಹರಣೆಯಾಗಿ ಕೊಟ್ಟಿದ್ದು ಇದೇ ದೂತನ ಪ್ರಸಂಗವನ್ನು.

ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಲ್ಲಿ ಚುಚ್ಚುವ ವಿಷಯ ಒಂದಿದೆ. ಈಡಿಪಸ್ ದಡ್ಡ ಅಲ್ಲ. ಸ್ಫಿಂಕ್ಸ್‌ನ ಒಗಟು ಬಿಡಿಸಿ ಊರನ್ನು ಉಳಿಸಿದ ಬುದ್ಧಿವಂತ. ಅವನ ತನಿಖೆಯೂ ಒಂದು ಒಳ್ಳೆ ಡಿಬಗ್ಗಿಂಗ್ ಥರ ಇದೆ: ಸಾಕ್ಷಿಗಳನ್ನು ಕರೆಸುತ್ತಾನೆ, ಒಬ್ಬರ ಹೇಳಿಕೆಯನ್ನು ಇನ್ನೊಬ್ಬರದಕ್ಕೆ ಹೋಲಿಸುತ್ತಾನೆ, ನಿಲ್ಲಿಸು ಅಂತ ಜೊಕಾಸ್ಟಾ ಬೇಡಿಕೊಂಡರೂ ನಿಲ್ಲಿಸುವುದಿಲ್ಲ. ಅವನು ಪರೀಕ್ಷಿಸದೆ ಬಿಟ್ಟಿದ್ದು ಒಂದನ್ನೇ, ‘ನಾನು ಯಾರು’ ಅನ್ನೋದನ್ನು. ಸ್ಫಿಂಕ್ಸ್‌ನ ಒಗಟಿಗೆ ಉತ್ತರ ‘ಮನುಷ್ಯ’. ಮನುಷ್ಯ ಅಂತ ಸರಿಯಾಗಿ ಹೇಳಿದವನಿಗೆ ತಾನು ಯಾವ ಮನುಷ್ಯ ಅಂತಲೇ ಗೊತ್ತಿರಲಿಲ್ಲ. ಅವನನ್ನು ಕೆಡವಿದ್ದು ಅವನ ದೌರ್ಬಲ್ಯ ಅಂತ ಹೇಳಿ ಮುಗಿಸೋದು ಸುಲಭ. ಆದರೆ ಊರಿನ ಮೇಲಿನ ಪ್ರೀತಿ, ಸತ್ಯದ ಹಟ ಇಲ್ಲದಿದ್ದರೆ ಅವನು ಆ ಉತ್ತರದ ಹತ್ತಿರವೂ ಹೋಗುತ್ತಿರಲಿಲ್ಲ.

ಹಾಗಾದರೆ ಎಲ್ಲ ಗೊತ್ತಿದ್ದು ಮೇಲೆ ಕೂತು ನೋಡುವ ನಾವು ಏನು ಮಾಡಬೇಕು, ನಗಬೇಕಾ? ಸೊಫೊಕ್ಲಿಸ್ ಇದಕ್ಕೆ ‘ಏಜಾಕ್ಸ್’ ನಾಟಕದ ಮೊದಲ ದೃಶ್ಯದಲ್ಲೇ ಉತ್ತರ ಕೊಟ್ಟಿದ್ದಾನೆ. ದೇವಿ ಅಥೀನಾ ವೀರ ಏಜಾಕ್ಸ್‌ಗೆ ಹುಚ್ಚು ಹಿಡಿಸಿದ್ದಾಳೆ. ಅವನು ಕುರಿ-ದನಗಳನ್ನು ಕಡಿದು, ಶತ್ರುಗಳನ್ನು ಕೊಂದೆ ಅಂದುಕೊಂಡಿದ್ದಾನೆ. ಅವನ ವೈರಿ ಒಡಿಸ್ಯೂಸ್‌ನನ್ನು ಕರೆದು, ನೋಡಿ ನಗು ಅನ್ನುತ್ತಾಳೆ ದೇವಿ. ಒಡಿಸ್ಯೂಸ್ ನಗುವುದಿಲ್ಲ. ವೈರಿಯಾದರೂ ಅವನ ಸ್ಥಿತಿಗೆ ಮರುಗುತ್ತಾನೆ, ನಾಳೆ ನನ್ನ ಗತಿಯೂ ಇದೇ ಆಗಬಹುದು ಅನ್ನುತ್ತಾನೆ. ಐರನಿ ನೋಡುವವರನ್ನು ದೇವರ ಸೀಟಲ್ಲಿ ಕೂರಿಸುತ್ತೆ ನಿಜ. ಆದರೆ ಅಲ್ಲಿ ಕೂತು ಏಜಾಕ್ಸ್‌ನಲ್ಲಿ ತನ್ನನ್ನೇ ಕಂಡವನು ಒಡಿಸ್ಯೂಸ್.

ಈ ನಾಟಕಗಳು ಕನ್ನಡಕ್ಕೆ ದೂರದವೇನಲ್ಲ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಇದೇ ‘ಏಜಾಕ್ಸ್’ ಅನ್ನು ಮಹಾಭಾರತದ ಕತೆಗೆ ಒಗ್ಗಿಸಿಕೊಂಡ ನಾಟಕ. ಈಡಿಪಸ್‌ನನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದಿದ್ದಾರೆ. ಲಂಕೇಶರ ಅನುವಾದ ಕೈಗೆ ಸಿಕ್ಕರೆ ಜೊತೆಗೊಂದು ಪೆನ್ಸಿಲ್ ಇಟ್ಟುಕೊಳ್ಳಿ. ಈಡಿಪಸ್ ತನಗೇ ಗೊತ್ತಿಲ್ಲದೆ ನಿಜ ಹೇಳಿದ ಕಡೆಯೆಲ್ಲ ಒಂದು ಗೆರೆ ಎಳೆಯಿರಿ. ಮೊದಲ ಕೆಲವು ಪುಟಗಳಲ್ಲೇ ಎಷ್ಟು ಗೆರೆ ಬೀಳುತ್ತವೆ ನೋಡಿ.